ಉಸಿರು ಕೇಳುವ ಪಾಠ

೧೧ ಫೆಬ್ರವರಿ ೧೯೭೪, ಸೋಮವಾರ. ಪಾಂಡವಪುರ

ಆರ್ಡರ್ ಬಂತು. ಒಂಬತ್ತು ವರ್ಷ ಕಾದದ್ದು ಒಂದೂವರೆ ಹಾಳೆಯಲ್ಲಿ ಬಂತು. ಡಾ. ಪಾರ್ವತಮ್ಮ, ಮೈಸೂರಿನ ಕಾಲೇಜಿನಲ್ಲಿ ಅರಿವಳಿಕೆ ವಿಭಾಗದ ಉಪನ್ಯಾಸಕಿ. ಟೈಪು ಹೊಡೆದವನು ನನ್ನ ಹೆಸರಿನಲ್ಲಿ ಒಂದು ಅಕ್ಷರವನ್ನೂ ತಪ್ಪಾಗಿ ಹೊಡೆದಿಲ್ಲ. ಅಷ್ಟಕ್ಕೇ ಕಣ್ಣು ತುಂಬಿತು. ನರ್ಸ್ ಸೋಮಮ್ಮನಿಗೆ ಕಾಣಬಾರದೆಂದು ಮುಖ ತೊಳೆದುಕೊಂಡು ಬಂದೆ.

ಉಳಿದ ಅರ್ಧ ಹಾಳೆ ಓದಿದ ಮೇಲೆ ಖುಷಿ ಇಳಿಯಿತು. ನನ್ನನ್ನು ಇಲ್ಲಿಂದ ಬಿಡಬೇಕಾದರೆ ನನ್ನ ಕೆಲಸ ಮಾಡಬಲ್ಲ ಇಬ್ಬರು ಹೊಸ ಡಾಕ್ಟರುಗಳನ್ನು ನಾನೇ ತಯಾರು ಮಾಡಬೇಕಂತೆ. ‘ರೋಗಿಯ ಉಸಿರುನಾಳಕ್ಕೆ ಸ್ವತಂತ್ರವಾಗಿ ಕೊಳವೆ ಇಳಿಸಬಲ್ಲರು’ ಎಂದು ಇಬ್ಬರಿಗೂ ನಾನು ರುಜು ಹಾಕಿಕೊಡಬೇಕು. ಜೂನ್ ಮೂವತ್ತರೊಳಗೆ ಆಗದಿದ್ದರೆ ಮೈಸೂರಿನ ಹುದ್ದೆ ಬೇರೆಯವರಿಗೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ನಾಲ್ಕು ತಾಲ್ಲೂಕಿಗೆ ಜೀಪು ಒಂದು, ಕೊಳವೆ ಇಳಿಸಿ ಜ್ಞಾನ ತಪ್ಪಿಸುವ ಡಾಕ್ಟರು ಒಬ್ಬಳು. ಕಬ್ಬಿನ ಗಾಡಿಗಳ ಹಿಂದೆ ಜೀಪಿನಲ್ಲಿ ಕೂತು ಕೂತು ನನ್ನ ಮೂವತ್ತೊಂದರಿಂದ ನಲವತ್ತರವರೆಗಿನ ವಯಸ್ಸು ಕಳೆದುಹೋಯಿತು. ಹೋದ ವರ್ಷ ರೋಗಿಗಳಿಂದ ನನಗೇ ಕ್ಷಯ ಅಂಟಿ ತೊಂಬತ್ತು ಇಂಜೆಕ್ಷನ್ ಚುಚ್ಚಿಸಿಕೊಂಡಾಗಲೂ ಆರನೆಯ ವಾರಕ್ಕೇ ಜೀಪು ಬಾಗಿಲಿಗೆ ಬಂದಿತ್ತು. ಇನ್ನು ಬರಲಾರೆ. ಆ ಹುಡುಗರು ಎಂಥ ದಡ್ಡರಾದರೂ ಸರಿ, ಜೂನ್ ಹೊತ್ತಿಗೆ ಕಲಿಸಿ ಹೊರಟುಬಿಡುತ್ತೇನೆ.

೧೪ ಫೆಬ್ರವರಿ, ಗುರುವಾರ

ಇಬ್ಬರೂ ಬಂದರು. ಶಿವಲಿಂಗಯ್ಯ ಬೂಕನಕೆರೆಯವನು. ಹಣೆಯಲ್ಲಿ ವಿಭೂತಿ, ಇಸ್ತ್ರಿಯ ಪ್ಯಾಂಟು, ನಾನು ಮಾತು ಮುಗಿಸುವ ಮೊದಲೇ ‘ಹೌದು ಮೇಡಂ’ ಎನ್ನುವ ಚುರುಕು. ಪುಟ್ಟಸ್ವಾಮಿ ನಾಗಮಂಗಲದ ಕಡೆಯ ಕಮ್ಮಾರರ ಮನೆಯವನು. ಅವನ ಕೈ ನೋಡಿ ಗಾಬರಿಯಾಯಿತು. ಆ ಬೆರಳುಗಳನ್ನು ಇಟ್ಟುಕೊಂಡು ಇವನು ಎಳೆಮಗುವಿನ ಗಂಟಲಲ್ಲಿ ಏನು ಮಾಡಿಯಾನು?

ಮೊದಲ ಪಾಠ ಹೇಳಿದೆ. ಕೊಳವೆ ಇಳಿಸುವುದಕ್ಕೆ ಎರಡು ದಾರಿ. ಬಾಯಿ ತೆರೆಯುವ ರೋಗಿಯಾದರೆ ಜ್ಞಾನ ತಪ್ಪಿಸಿ, ಬಲ್ಬು ಇರುವ ಅಲಗಿನಿಂದ ನಾಲಿಗೆ ಎತ್ತಿ, ಕಣ್ಣಿಂದ ನೋಡಿ ಇಳಿಸುವುದು. ಸೋಮಮ್ಮ ಆ ಅಲಗನ್ನು ‘ಬೆಳಕಿನ ಸೌಟು’ ಎನ್ನುತ್ತಾಳೆ. ದವಡೆ ಕಚ್ಚಿಕೊಂಡವರಿಗೆ, ಕತ್ತು ಬಾಗದವರಿಗೆ ಸೌಟು ನಡೆಯುವುದಿಲ್ಲ. ಅವರು ಎಚ್ಚರವಾಗಿಯೇ ಇರಬೇಕು. ಮೂಗು ಗಂಟಲು ಮರಗಟ್ಟಿಸಿ, ಮೂಗಿನಿಂದ ಕೊಳವೆ ತೂರಿಸಿ, ಅದರ ಹೊರತುದಿಗೆ ನಮ್ಮ ಕಿವಿ ಇಟ್ಟು, ಅವರ ಉಸಿರಿನ ಸದ್ದು ಎಲ್ಲಿ ಜೋರಾಗುತ್ತದೋ ಆ ಕಡೆ ನಡೆಸುತ್ತ ಹೋಗಬೇಕು. ಕಣ್ಣಿಗೆ ಅಲ್ಲಿ ಏನೂ ಕೆಲಸವಿಲ್ಲ.

ವಿಲಾಯಿತಿ ಪತ್ರಿಕೆಯೊಂದರ ಚಿತ್ರ ತೋರಿಸಿದೆ. ಅಲ್ಲಿ ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳ ಕಟ್ಟಿನಲ್ಲಿ ಬೆಳಕು ಹರಿಸಿ, ಬಾಗುವ ದುರ್ಬೀನಿನಲ್ಲಿ ಗಂಟಲಿನ ತಿರುವುಗಳನ್ನು ನೋಡುತ್ತಲೇ ಕೊಳವೆ ಇಳಿಸುತ್ತಾರಂತೆ.

“ನಮ್ಮಲ್ಲಿಗೆ ಯಾವಾಗ ಬರುತ್ತೆ ಮೇಡಂ?” ಎಂದ ಶಿವಲಿಂಗಯ್ಯ.

“ನಾವೆಲ್ಲ ಹೋದ ಮೇಲೆ. ಅಲ್ಲಿಯವರೆಗೆ ದೇವರು ಕೊಟ್ಟ ಕಿವಿ ಇದೆ,” ಎಂದೆ.

ನನ್ನ ಗುರುಗಳು ನನಗೆ ಬರೆಸಿದ ನಿಯಮವನ್ನೇ ಇಬ್ಬರಿಂದಲೂ ಹತ್ತು ಸಲ ಬರೆಸಿದೆ: ಉಸಿರು ಕಿವಿಗೆ ಬೀಳದೆ ಕೊಳವೆಗೆ ರಬ್ಬರಿನ ಗಾಳಿಚೀಲ ಜೋಡಿಸಬಾರದು. ಕೇಳಿಸದಿದ್ದರೆ ಕೊಳವೆ ಅನ್ನನಾಳದಲ್ಲಿದೆ. ತಕ್ಷಣ ಎಳೆದುಬಿಡಬೇಕು. ಜೊತೆಗೆ ನನ್ನದೊಂದು ಸೇರಿಸಿದೆ: ನಾನು ಕಿವಿ ಇಟ್ಟು ಹೂಂ ಅನ್ನುವವರೆಗೆ ಯಾರೂ ಮುಂದುವರಿಯಬಾರದು.

ಪುಟ್ಟಸ್ವಾಮಿ ತಲೆ ಕೆರೆದುಕೊಂಡು ಹೇಳಿದ: “ನಾನು ಕುಲುಮೇಲಿ ತಿದಿ ಒತ್ತಿ ಬೆಳ್ದೋನು ಮೇಡಂ. ಗಾಳಿ ಎಲ್ಲಿ ಸೋರ್ತಾ ಐತೆ ಅಂತ ನಮ್ಮಪ್ಪ ಕಣ್ಮುಚ್ಚಿಸಿ ಕೇಳೋರು.” ಇದು ಕುಲುಮೆಯಲ್ಲ ಎಂದೆ.

೨೦ ಫೆಬ್ರವರಿ, ಬುಧವಾರ

ಶ್ರೀರಂಗಪಟ್ಟಣದ ಕಸಾಯಿ ಅಂಗಡಿಯಿಂದ ಎರಡು ಕುರಿ ತಲೆ ಬಂದವು, ಗಂಟಲು ಕೊಳವೆ ಕತ್ತರಿಸದೆ ಕೊಡಿ ಎಂದು ಚೀಟಿ ಬರೆದು ತರಿಸಿದ್ದು. ಮನುಷ್ಯರ ಮೇಲೆ ಕೈಯಿಡುವ ಮೊದಲು ಇದರ ಮೇಲೆ ಕಲಿಯಲಿ. ಶಿವಲಿಂಗಯ್ಯ ಹುಟ್ಟಿದಾರಭ್ಯ ಮೊಟ್ಟೆಯನ್ನೂ ಮುಟ್ಟಿದವನಲ್ಲ. ಕರ್ಚೀಫಿನಲ್ಲಿ ಕರ್ಪೂರ ಕಟ್ಟಿ ಮೂಗಿಗೆ ಬಿಗಿದುಕೊಂಡು, ಶಿವ ಶಿವಾ ಅನ್ನುತ್ತ ಕೊಳವೆ ಹಿಡಿದ. ಸೋಮಮ್ಮ ನಗು ತಡೆಯಲಾರದೆ ಹೊರಗೆ ಹೋದಳು.

ಪುಟ್ಟಸ್ವಾಮಿ ಮನೆಯಿಂದ ಒಂದು ಹಳೆಯ ಸಣ್ಣ ತಿದಿ ತಂದಿದ್ದ. ಕುರಿಯ ಉಸಿರುನಾಳದ ಕೆಳತುದಿಗೆ ಅದನ್ನು ಕಟ್ಟಿ ಒತ್ತಿದರೆ ಸತ್ತ ತಲೆ ಉಸಿರಾಡುತ್ತದೆ. ಇಂಥದೊಂದು ಉಪಾಯ ನನಗೆ ಒಂಬತ್ತು ವರ್ಷದಲ್ಲಿ ಹೊಳೆದಿರಲಿಲ್ಲ. ಹಾಗೆಂದು ಅವನಿಗೆ ಹೇಳಲಿಲ್ಲ.

ಅವನು ಮೂಗಿನಿಂದ ತೂರಿಸಿ, ಕಿವಿಯಿಟ್ಟು, “ಸಿಕ್ತು ಮೇಡಂ” ಎಂದ. ನಾನು ಬಗ್ಗಿ ಕೇಳಿದೆ. ಏನೂ ಇಲ್ಲ. ತಪ್ಪು ಎಂದೆ. ಅವನು ಚಾಕು ಕೊಟ್ಟ. ಸೀಳಿ ನೋಡಿದರೆ ಕೊಳವೆ ಸರಿಯಾದ ಜಾಗದಲ್ಲೇ ಇತ್ತು. ಶಿವಲಿಂಗಯ್ಯ ತಿದಿಯನ್ನು ಸರಿಯಾಗಿ ಒತ್ತಿಲ್ಲ, ಅಷ್ಟೆ. ಕರ್ಪೂರದ ಧ್ಯಾನದಲ್ಲಿದ್ದವನಿಗೆ ತಿದಿಯ ನೆನಪು ಎಲ್ಲಿಂದ ಬರಬೇಕು!

೫ ಮಾರ್ಚ್, ಮಂಗಳವಾರ

ಹಾಲಿನ ದ್ಯಾವಮ್ಮ ಮೂರು ದಿನದಿಂದ ಹಾಲು ಹಾಕಿಲ್ಲ. ಕೇಳಿದರೆ ನನ್ನ ಮೇಲೇ ತಿರುಗಿಬಿದ್ದಳು. “ಬಾಗ್ಲು ಬಡ್ದೂ ಬಡ್ದೂ ಕೈ ನೋವ್ ಬಂತು ಡಾಕ್ಟ್ರಮ್ಮ, ನೀವು ಒಳಗೇ ಕೂತ್ಕಂಡು ಪೇಪರ್ ಓದ್ತಿದ್ರಿ, ಕಿಟಕೀಲಿ ಕಾಣ್ತಿತ್ತು.” ಎಂಥ ಸುಳ್ಳು! ಹಾಲನ್ನು ಹೋಟೆಲಿಗೆ ಮಾರಿಕೊಂಡು ನನಗೆ ಕಥೆ ಕಟ್ಟುತ್ತಾಳೆ. ಬೇರೆಯವರನ್ನು ಗೊತ್ತು ಮಾಡಬೇಕು.

ಸಕ್ಕರೆ ಕಾರ್ಖಾನೆಯ ಸೈರನ್ನನ್ನೂ ಈಗ ಮೊದಲಿನಷ್ಟು ಗಟ್ಟಿಯಾಗಿ ಕೂಗಿಸುವುದಿಲ್ಲ. ಇಂದು ಆಸ್ಪತ್ರೆಗೆ ಹತ್ತು ನಿಮಿಷ ತಡವಾಗಿ ಹೋದೆ.

೧೫ ಮಾರ್ಚ್, ಶುಕ್ರವಾರ

ಶಿವಲಿಂಗಯ್ಯನಿಗೆ ರುಜು ಹಾಕಿದೆ. ಒಂದು ಬೀಗ ತೆರೆಯಿತು.

ಬೆಳಕಿನ ಸೌಟಿನಲ್ಲಿ ಇಬ್ಬರೂ ಪಳಗಿದ್ದಾರೆ. ಉಳಿದದ್ದು ಕಿವಿಯ ಕೆಲಸ. ಇಂದು ಕೆ.ಆರ್. ಪೇಟೆಯಲ್ಲಿ ದವಡೆ ಮುರಿದವನೊಬ್ಬನಿಗೆ ಶಿವಲಿಂಗಯ್ಯ ಕೊಳವೆ ಇಳಿಸಿ “ಬಂತು ಮೇಡಂ” ಎಂದವನೇ, ನಾನು ಬಗ್ಗಿ ಕೇಳುವುದರೊಳಗೆ ಗಾಳಿಚೀಲ ಜೋಡಿಸಿಬಿಟ್ಟ. ಚೀಲ ಉಸಿರಿಗೆ ತಕ್ಕಂತೆ ಆಡಿತು. ನಿಯಮ ಮುರಿದದ್ದಕ್ಕೆ ಚೆನ್ನಾಗಿ ಉಗಿದೆ. ಆದರೆ ಕೆಲಸ ಸರಿಯಾಗಿತ್ತಲ್ಲ, ಏನು ಮಾಡಲಿ.

ಪುಟ್ಟಸ್ವಾಮಿ ಹಾಗಲ್ಲ. ಅವನು ನಿಯಮ ಮೀರುವುದಿಲ್ಲ. ನಾನು ಕಿವಿ ಇಡುವವರೆಗೆ ಕಾಯುತ್ತಾನೆ, ಕಾದು ಪ್ರತಿಸಲವೂ ಫೇಲಾಗುತ್ತಾನೆ. ಮೂವರು ರೋಗಿಗಳಾದರು. ಮೂರರಲ್ಲೂ ನಾನು ಕೇಳಿದಾಗ ಸದ್ದಿಲ್ಲ. ಎಳೆಸಿ, ಆಪರೇಷನ್ ಮುಂದಕ್ಕೆ ಹಾಕಿಸಿದೆ. ಈಚೆಗೆ ಅವನದೊಂದು ಹೊಸ ಚಾಳಿ, ನನ್ನೊಡನೆ ಮಾತಾಡುವಾಗ ಕಿರುಚುತ್ತಾನೆ. ಸುತ್ತಿಗೆ ಸದ್ದಿನಲ್ಲಿ ಬೆಳೆದವನಿಗೆ ಮೆಲ್ಲಗೆ ಮಾತಾಡಲು ಬಾರದು ಎಂದುಕೊಂಡರೆ ಸೋಮಮ್ಮನೊಡನೆ ಪಿಸಪಿಸ ಅನ್ನುತ್ತಿರುತ್ತಾನೆ. ಥಿಯೇಟರಿನಲ್ಲಿ ಮಾಸ್ಕ್ ಕಟ್ಟಿದ ಮೇಲಂತೂ ಎಲ್ಲರೂ ಗೊಣಗುವವರೇ.

೨೭ ಮಾರ್ಚ್, ಬುಧವಾರ

ನಿದ್ದೆ ಬಾರದೆ ಎದ್ದು ಕೂತು ಬರೆಯುತ್ತಿದ್ದೇನೆ.

ಕಿರಂಗೂರಿನ ಕುಳ್ಳಮ್ಮ, ಇಪ್ಪತ್ತಾರು ವರ್ಷ. ಹಲ್ಲಿನ ಕೀವು ದವಡೆಯ ಕೆಳಗೆ ಇಳಿದು ಕತ್ತೆಲ್ಲ ಊದಿತ್ತು. ಬಾಯಲ್ಲಿ ಒಂದು ಬೆರಳೂ ಹೋಗದು. ಕೀವು ತೆಗೆಯಲೇಬೇಕು, ಅದಕ್ಕೆ ಎಚ್ಚರದಲ್ಲೇ ಮೂಗಿನಿಂದ ಕೊಳವೆ ಇಳಿಸಬೇಕು. ಪುಟ್ಟಸ್ವಾಮಿಯ ಕೈಗೆ ಕೊಟ್ಟೆ.

ಅವನು ಅವಳ ತಲೆಯ ಹತ್ತಿರ ಕೂತು, ಮಾಸ್ಕ್ ಕಟ್ಟುವ ಮೊದಲೇ ಗಟ್ಟಿಯಾಗಿ ಮಾತಾಡಿಸತೊಡಗಿದ. “ಎದ್ರಬ್ಯಾಡ ಕಣಕ್ಕ. ಉಸ್ರು ಎಳ್ಕೊ. ಈಗ ಬುಡು. ಆಂ, ಅಂಗೇ. ಸೊಸೇರೆಲ್ಲ ನಿನ್ನಂಗೆ ಏಳಿದ್ದು ಕೇಳಿದ್ರೆ ಅತ್ತೇರ್ಗೆ ಕೆಲ್ಸ ಇರಾಕಿಲ್ಲ.” ಅಷ್ಟು ನೋವಿನಲ್ಲೂ ಅವಳ ಕಣ್ಣು ನಕ್ಕವು. ಕೊಳವೆ ಒಳಗೆ ಸರಿಯುತ್ತಿದ್ದಂತೆ ಜೋರಾಗಿ ಕೆಮ್ಮಿದಳು. ಕೆಮ್ಮಬೇಡ, ಕೆಟ್ಟುಹೋಗುತ್ತೆ ಎಂದು ಗದರಿದೆ. ಪುಟ್ಟಸ್ವಾಮಿ ಕಿವಿಯಿಟ್ಟು ತಲೆ ಎತ್ತಿದ. ಬಂದಿದೆ ಎಂದು ಸನ್ನೆ ಮಾಡಿದ.

ನಾನು ಬಗ್ಗಿದೆ. ಸದ್ದಿಲ್ಲ. ಫ್ಯಾನು ನಿಲ್ಲಿಸಲು ಹೇಳಿ ಮತ್ತೆ ಕೇಳಿದೆ. ಇಲ್ಲವೇ ಇಲ್ಲ. ಅವನು ಏನೋ ಅಂದ, ಮಾಸ್ಕಿನೊಳಗೆ ಏನು ಕೇಳಬೇಕು. ನಾನೇ ಎಳೆದುಬಿಟ್ಟೆ.

ಎರಡನೆಯ ಸಲ ಅವನು ಇಳಿಸುವಾಗ ರಕ್ತ ಬಂತು. ಮೂರನೆಯ ಸಲ ನಾನೇ ಕೂತೆ. ನನಗೂ ದಾರಿ ಸಿಗಲಿಲ್ಲ. ಅವಳ ತುಟಿ ನೀಲಿಯಾಯಿತು, ಕೈಕಾಲು ಬಡಿಯತೊಡಗಿದಳು. ಸರ್ಜನ್ ಚೌಡಯ್ಯನವರು ನನ್ನನ್ನು ಪಕ್ಕಕ್ಕೆ ತಳ್ಳಿ ಕತ್ತಿನ ಮುಂಭಾಗ ಸೀಳಿ ಲೋಹದ ಕೊಳವೆ ಹಾಕಿದರು. ಬದುಕಿದಳು.

ಥಿಯೇಟರ್ ರಿಜಿಸ್ಟರಿನಲ್ಲಿ ಬರೆದೆ: ಡಾ. ಪುಟ್ಟಸ್ವಾಮಿ ಕೊಳವೆಯನ್ನು ಅನ್ನನಾಳಕ್ಕೆ ಇಳಿಸಿದ್ದರಿಂದ ಕತ್ತು ಸೀಳಬೇಕಾಯಿತು. ಅವನು ಓದಿದ. ಕೆಳಗೆ ತನ್ನ ರುಜು ಹಾಕಿ, ನೆಲದ ರಕ್ತ ಒರೆಸಲು ಸೋಮಮ್ಮನ ಜೊತೆ ಕೂತ. ಡಾಕ್ಟರಾದವನು ನೆಲ ಒರೆಸುವುದೇ? ಸಿಟ್ಟು ಬಂತು ನನಗೆ. ಒರೆಸದೆ ಹೋಗಿದ್ದರೂ ಬರುತ್ತಿತ್ತು.

೯ ಏಪ್ರಿಲ್, ಮಂಗಳವಾರ

ಕುಳ್ಳಮ್ಮನ ಕತ್ತಿನ ಕೊಳವೆ ತೆಗೆಯಲು ಬರುತ್ತಿಲ್ಲ. ಅವಸರದಲ್ಲಿ ತುಸು ಮೇಲೆ ಸೀಳಿದ್ದರಿಂದ ಒಳಗೆ ನಾಳ ಕುಗ್ಗಿಕೊಂಡಿದೆ. ತೂತಿಗೆ ಬೆರಳು ಒತ್ತಿದರೆ ಮಾತ್ರ ಮಾತು, ಅದೂ ಪಿಸುಮಾತು. ಅವಳನ್ನು ಹಾಗೇ ಮನೆಗೆ ಕಳಿಸಿದರು. ನಾನು ವಾರ್ಡಿನ ಕಡೆ ಹೋಗಲಿಲ್ಲ, ನಾಗಮಂಗಲದಲ್ಲಿ ಕೆಲಸವಿತ್ತು.

ಜಿಲ್ಲಾ ವೈದ್ಯಾಧಿಕಾರಿಗಳಿಗೆ ಕಾಗದ ಬರೆದೆ. ಪುಟ್ಟಸ್ವಾಮಿಗೆ ಈ ಕೆಲಸ ಒಗ್ಗದು, ಬೇರೆಯವರನ್ನು ಕೊಡಿ ಎಂದೆ. ಅವನು ಅರಿವಳಿಕೆ ಡಿಪ್ಲೊಮಾಕ್ಕೆ ಅರ್ಜಿ ಹಾಕಿದ್ದಾನಂತೆ. ಅದಕ್ಕೂ ತಕ್ಕವನಲ್ಲ ಎಂದು ಸೇರಿಸಿದೆ. ಮುಚ್ಚುಮರೆ ನನಗೆ ಬಾರದು. ಕಾಗದದ ಪ್ರತಿಯನ್ನು ಅವನಿಗೇ ಓದಲು ಕೊಟ್ಟೆ. ಓದಿ, ನಾಲ್ಕಾಗಿ ಮಡಿಸಿ ಹಿಂದಕ್ಕೆ ಕೊಟ್ಟ.

“ನಾಳೆ ಬರ್ಲಾ ಮೇಡಂ?”

“ಬೇರೆಯವರು ಬರುವವರೆಗೆ ಬಾ.”

೨ ಮೇ, ಗುರುವಾರ

ಉತ್ತರ ಬಂತು. ಅಕ್ಟೋಬರಿನವರೆಗೆ ಕೊಡಲು ಬೇರೆ ಯಾರೂ ಇಲ್ಲ. ಇರುವವನನ್ನೇ ತಯಾರು ಮಾಡಿಕೊಳ್ಳಿ.

ಅವನನ್ನು ಫೇಲು ಮಾಡಿದವಳೂ ನಾನೇ, ಪಾಸು ಮಾಡಿಸದೆ ಹೊರಗೆ ಹೋಗಲಾರದವಳೂ ನಾನೇ. ಸುಳ್ಳು ರುಜು ಹಾಕಿ ಹೋಗೋಣವೆಂದರೆ ಕೈ ಬರುವುದಿಲ್ಲ. ಅವನ ಕೈಯಲ್ಲಿ ಯಾರಾದರೂ ಸತ್ತರೆ ಮೈಸೂರಿನಲ್ಲಿ ನನಗೆ ಅನ್ನ ಇಳಿಯುತ್ತದೆಯೆ? ಬೋನಿಗೆ ಬೀಗ ಹಾಕಿದವರು ಯಾರು ಎಂದು ಕೇಳಿದರೆ ನನ್ನನ್ನೇ ತೋರಿಸಬೇಕು. ಅಳು ಬಂತು, ಅತ್ತೆ.

೨೦ ಮೇ, ಸೋಮವಾರ

ಬಸ್ ಸ್ಟ್ಯಾಂಡಿನಲ್ಲಿ ಅರಕೆರೆಯ ಬಸ್ಸು ನನ್ನ ಸೆರಗು ಸವರಿಕೊಂಡು ಹೋಯಿತು. ಸೋಮಮ್ಮ ರಟ್ಟೆ ಹಿಡಿದು ಎಳೆಯದಿದ್ದರೆ ಮುಗಿದಿತ್ತು. “ಅಷ್ಟು ಆರನ್ ಒಡೀತಾವ್ನೆ, ನಿಗಾ ಎಲ್ಲೈತೆ ಅಮ್ಮಾವ್ರೆ?” ಎಂದು ಅವಳೇ ನನ್ನನ್ನು ಗದರಿದಳು. ಹಾರನ್ ಹೊಡೆದನಂತೆ! ಆ ಡ್ರೈವರನ ನಂಬರು ಬರೆದುಕೊಂಡಿದ್ದೇನೆ.

ನಲವತ್ತೊಂದು ದಿನ ಉಳಿದಿದೆ.

೧೧ ಜೂನ್, ಮಂಗಳವಾರ

ಅರಕೆರೆಯ ಚಿಕ್ಕಬೋರಮ್ಮ. ಹೋದ ವರ್ಷ ಒಲೆಯ ಬೆಂಕಿ ಸೆರಗಿಗೆ ಹತ್ತಿ ಕತ್ತು ಎದೆ ಬೆಂದಿತ್ತು. ಗಾಯ ಮಾಯುವಾಗ ಚರ್ಮ ಎಳೆದುಕೊಂಡು ಗಲ್ಲ ಎದೆಗೆ ಅಂಟಿಬಿಟ್ಟಿದೆ. ಒಂದು ವರ್ಷದಿಂದ ಅವಳು ನೋಡಿದ್ದು ಬರೀ ನೆಲ. ಚೌಡಯ್ಯನವರು ಆ ಚರ್ಮ ಬಿಡಿಸಿ ಕತ್ತು ಎತ್ತಿಸುತ್ತೇನೆ ಎಂದು ಒಪ್ಪಿದ್ದರು. ಬಾಯಿಂದ ಕೊಳವೆ ಇಳಿಸಲಾಗದು. ಕತ್ತು ಸೀಳಿ ಉಳಿಸೋಣವೆಂದರೆ ಸೀಳುವುದಕ್ಕೆ ಕತ್ತೇ ಕಾಣುವುದಿಲ್ಲ. ಕುಳ್ಳಮ್ಮನಿಗಿದ್ದ ಕೊನೆಯ ದಾರಿಯೂ ಇವಳಿಗಿಲ್ಲ. ಮೂಗು ಒಂದೇ.

ಅದಕ್ಕೇ ನಾನೇ ಕೂತೆ. ಹತ್ತು ನಿಮಿಷ ಕೂತೆ. ಎಡಗಡೆ, ಬಲಗಡೆ, ಹಿಂದೆ, ಮುಂದೆ. ಉಸಿರು ಎಲ್ಲೂ ಕಿವಿಗೆ ಬೀಳಲಿಲ್ಲ. ಅವಳ ಎದೆ ಏರಿಳಿಯುವುದು ಕಾಣುತ್ತಿತ್ತು, ಉಸಿರಂತೂ ಇದ್ದೇ ಇತ್ತು. ಬೆವರು ಕಣ್ಣಿಗಿಳಿಯಿತು. “ನೀನು ನೋಡು,” ಎಂದು ಎದ್ದೆ. ಯಾಕೆ ಹಾಗೆಂದೆನೋ.

ಪುಟ್ಟಸ್ವಾಮಿ ಕೂತ. ಅವ್ವಾ, ಅವ್ವಾ ಎಂದು ಅವಳ ಕೆನ್ನೆ ಸವರುತ್ತ ಏನೇನೋ ಹೇಳಿದ. ಕಣ್ಣು ಮುಚ್ಚಿ ಕೊಳವೆಗೆ ಕಿವಿ ಕೊಟ್ಟ. ಆ ದೊಡ್ಡ ಬೆರಳುಗಳು ಎಷ್ಟು ಸಣ್ಣಗೆ ತಿರುಗಿದವೆಂದು ನೋಡಿದವರು ಮಾತ್ರ ನಂಬಬೇಕು. ಅವಳ ಮೈ ಒಮ್ಮೆ ಕೆಮ್ಮಿ ಕುಲುಕಿತು. ಅವನು ಕಣ್ಣು ತೆರೆದು ನನ್ನ ಕಡೆ ನೋಡಿದ.

ನಾನು ಬಗ್ಗಿದೆ. ಇಲ್ಲ.

“ತೆಗಿ,” ಎಂದೆ.

ಅವನು ಕದಲಲಿಲ್ಲ. ನಾನೇ ಕೊಳವೆಗೆ ಕೈ ಹಾಕಿದೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಸೋಮಮ್ಮನ ಕೈಯಿಂದ ಬಟ್ಟಲು ನೆಲಕ್ಕೆ ಬಿತ್ತು, ಬಿದ್ದದ್ದನ್ನು ಕಂಡೆ. ಪುಟ್ಟಸ್ವಾಮಿ ಇನ್ನೊಂದು ಕೈಯಲ್ಲಿ ತನ್ನ ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ತುಟಿ ಬಿಡಿಸಿ ಬಿಡಿಸಿ ಹೇಳಿದ:

“ತೆಗ್ಯಾಕಿಲ್ಲ ಮೇಡಂ. ಈ ಸಲ ತೆಗ್ಯಾಕಿಲ್ಲ. ನೀವು ಕೇಳ್ಬ್ಯಾಡಿ. ಕೈ ಒಡ್ಡಿ.”

ಹಿಡಿದಿದ್ದ ನನ್ನ ಕೈಯನ್ನು ತಿರುಗಿಸಿ, ಗ್ಲೌಸು ಕಿತ್ತು, ಅಂಗೈಯನ್ನು ಕೊಳವೆಯ ಬಾಯಿಗೆ ತಂದ. ಬೆಚ್ಚಗಿನ ಗಾಳಿ ತಗಲಿತು. ನಿಂತಿತು. ಮತ್ತೆ ತಗಲಿತು. ಚಿಕ್ಕಬೋರಮ್ಮನ ಎದೆ ಇಳಿದಾಗಲೆಲ್ಲ ನನ್ನ ಅಂಗೈ ಬೆಚ್ಚಗಾಗುತ್ತಿತ್ತು.

ಹೂಂ ಅಂದೆ. ಅವನು ಚೀಲ ಜೋಡಿಸಿದ. ಆಮೇಲಿನ ಮೂರು ಗಂಟೆ ಅವನೇ ನೋಡಿಕೊಂಡ. ನಾನು ಗೋಡೆಗೆ ಒರಗಿ ನಿಂತಿದ್ದೆ.

೧೨ ಜೂನ್, ಬುಧವಾರ

ಕೈಗಡಿಯಾರವನ್ನು ಎಡಗಿವಿಗೆ ಇಟ್ಟುಕೊಂಡೆ. ಬಲಗಿವಿಗೆ ಇಟ್ಟುಕೊಂಡೆ. ಕಣ್ಣೆದುರು ಹಿಡಿದರೆ ಮುಳ್ಳು ಓಡುತ್ತಿದೆ.

ಕ್ಷಯದ ಆ ಇಂಜೆಕ್ಷನ್ ಕಿವಿಗೆ ಕೆಡುಕು, ಸದ್ದು ಕಡಿಮೆಯಾದರೆ ತಕ್ಷಣ ಬಂದು ಹೇಳಬೇಕು ಎಂದು ಎಷ್ಟು ಜನ ರೋಗಿಗಳಿಗೆ ನಾನೇ ಹೇಳಿದ್ದೇನೆ.

೧೫ ಜೂನ್, ಶನಿವಾರ

ಪುಟ್ಟಸ್ವಾಮಿಯನ್ನು ಮನೆಗೆ ಕರೆದು ಎದುರಿಗೆ ಕೂರಿಸಿಕೊಂಡೆ. ಯಾವಾಗಿನಿಂದ ಗೊತ್ತು ಎಂದು ಕೇಳಿದೆ.

“ಕುರಿ ತಲೆ ತಂದ ದಿನದಿಂದ.”

“ಯಾಕಪ್ಪಾ ಹೇಳಲಿಲ್ಲ?”

“ಕುಳ್ಳಮ್ಮನ ದಿನ ಏಳ್ದೆ ಮೇಡಂ. ಬರ್ತಾ ಐತೆ ಉಸ್ರು, ಕೀಳ್ಬ್ಯಾಡಿ ಅಂತ ಮೂರ್ ಸಲ ಏಳ್ದೆ. ನಾನು ಹೊಸಬ. ನಿಮ್ಮ ಕೈ ಹಿಡ್ಕಳೋ ಧೈರ್ಯ ಬರ್ಲಿಲ್ಲ. ಹಿಡ್ಕಂಡಿದ್ರೆ ಆ ಯಮ್ಮನ ಗಂಟ್ಲು ಉಳೀತಿತ್ತು.” ತಲೆ ತಗ್ಗಿಸಿದ. ಈ ತಪ್ಪಿನಲ್ಲಿ ತನಗೂ ಪಾಲಿದೆ ಎಂದು ಇಷ್ಟು ದಿನ ಹೊತ್ತುಕೊಂಡು ತಿರುಗಿದ್ದಾನೆ. ಅದಕ್ಕೇ ನನ್ನ ಸುಳ್ಳಿನ ಕೆಳಗೆ ಅವತ್ತು ರುಜು ಹಾಕಿದ್ದು.

ಲೆಕ್ಕ ಹಾಕಿ ನೋಡಿದೆ. ಮಾರ್ಚಿನ ಆ ಮೂವರು, ಆಮೇಲೆ ಕುಳ್ಳಮ್ಮ. ನಾಲ್ಕರಲ್ಲೂ ಅವನು ಸರಿ. ನಾಲ್ಕು ಸಲವೂ ಸರಿಯಾದ ಕೊಳವೆಯನ್ನು ಕಿತ್ತವಳು ನಾನು.

ಮಧ್ಯಾಹ್ನ ಚೌಡಯ್ಯನವರ ಮುಂದೆ ರಿಜಿಸ್ಟರ್ ತೆರೆದೆ. ಏನು ಮಾಡಲಿದ್ದೇನೆ ಎಂದು ಚೀಟಿಯಲ್ಲಿ ಬರೆದು ತೋರಿಸಿದಾಗ ಅವರು ಬಾಗಿಲು ಮುಂದಕ್ಕೆ ಮಾಡಿದರು. ಹಾಳೆಯ ಮೇಲೆ ಬರೆದು ಹೇಳಿರೆಂದೆ. ಬರೆದರು: ‘ಪಾರ್ವತಮ್ಮನವರೇ, ಇಬ್ಬರಿಗೂ ರುಜು ಹಾಕಿಬಿಡಿ. ಅವನು ಪಾಸು, ನೀವು ಮೈಸೂರಿಗೆ. ಪಾಠ ಹೇಳುವುದಕ್ಕೆ ಬಾಯಿ ಸಾಕು. ಹಳೆಯದನ್ನು ಕೆದಕಿ ಯಾರಿಗೆ ಉಪಕಾರ?’

ಒಳ್ಳೆಯ ಮನುಷ್ಯ. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆ ಹಾಳೆಯನ್ನು ಬಹಳ ಹೊತ್ತು ನೋಡಿದೆ. ಮೈಸೂರಿನಲ್ಲಿ ನನ್ನ ಹೆಸರಿನ ಬಾಗಿಲು, ಬಾಗಿಲಾಚೆ ಬೆಂಚುಗಳ ಮೇಲೆ ಹುಡುಗರು. ಆಸೆಯಾಯಿತು. ಇಲ್ಲವೆಂದು ಬರೆಯಲಾರೆ. ಆದರೆ ಆ ಹುಡುಗರು ಕೊಳವೆ ಇಳಿಸಿ ನನ್ನ ಮುಖ ನೋಡುತ್ತಾರೆ. ನಾನು ತಲೆಯಾಡಿಸಬೇಕು. ಯಾವುದನ್ನು ಕೇಳಿ ಆಡಿಸಲಿ? ಪುಟ್ಟಸ್ವಾಮಿಯ ಡಿಪ್ಲೊಮಾಕ್ಕೆ ಅಡ್ಡ ಬಿದ್ದಿರುವುದು ನನ್ನ ಕಾಗದ. ಅದನ್ನು ತೆಗೆಯಬೇಕಾದರೆ ಯಾಕೆ ಬರೆದೆ ಎಂಬುದನ್ನೂ ಹೇಳಲೇಬೇಕು.

ಮಾರ್ಚ್ ಇಪ್ಪತ್ತೇಳರ ಸಾಲನ್ನು ಹೊಡೆದು ಕೆಂಪು ಮಸಿಯಲ್ಲಿ ಬರೆದೆ: ‘ಡಾ. ಪುಟ್ಟಸ್ವಾಮಿ ಇಳಿಸಿದ ಕೊಳವೆ ಸರಿಯಾದ ಜಾಗದಲ್ಲಿತ್ತು. ಕಿವಿ ಮಂದವಾಗಿರುವುದರಿಂದ ನನಗೆ ಉಸಿರು ಕೇಳಿಸಲಿಲ್ಲ. ಕೊಳವೆಯನ್ನು ಕಿತ್ತವಳು ನಾನು.’ ಇದೇ ಮಾತನ್ನು ಜಿಲ್ಲಾ ವೈದ್ಯಾಧಿಕಾರಿಗಳಿಗೂ ಬರೆದೆ. ಪುಟ್ಟಸ್ವಾಮಿಗೆ ರುಜು ಹಾಕಿದೆ. ಶಿವಲಿಂಗಯ್ಯನನ್ನು ಅವನೇ ಇನ್ನೊಮ್ಮೆ ಪರೀಕ್ಷಿಸಲಿ, ನನ್ನ ರುಜುವನ್ನು ನಂಬಬೇಡಿ ಎಂದೆ. ಕಾಗದ ಅಂಚೆಗೆ ಹೋಯಿತು. ಮೈಸೂರೂ ಅದರ ಜೊತೆಗೇ ಹೋಯಿತು.

ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಬರೆದು ಹೇಳಿದ್ದೆಲ್ಲ ಓದು ಬಲ್ಲವರಿಗೆ. ಕುಳ್ಳಮ್ಮನಿಗೆ ಓದು ಬರುವುದಿಲ್ಲ.

೨೩ ಜೂನ್, ಭಾನುವಾರ

ಬೆಳಗಿನ ಬಸ್ಸಿಗೆ ಕಿರಂಗೂರಿಗೆ ಹೋದೆ. ಜೀಪು ಬೇಡವೆಂದೆ.

ಜಗಲಿಯ ಮೇಲೆ ಕುಳ್ಳಮ್ಮನ ಅತ್ತೆ ಬೀರಮ್ಮ ಅವರೆಕಾಳು ಹಸನು ಮಾಡುತ್ತಿದ್ದಳು. ಕುಳ್ಳಮ್ಮ ಕೈಯಲ್ಲಿ ಪೊರಕೆ ಹಿಡಿದು ಒಳಗಿನಿಂದ ಬಂದಳು, ಕತ್ತಿಗೆ ಸೆರಗು ಸುತ್ತಿಕೊಂಡಿದ್ದಳು. ನನ್ನನ್ನು ಕಂಡು ಪೊರಕೆ ಬಿಸಾಕಿ ಚಾಪೆ ತರಲು ಓಡಿದಳು. ನಾನು ಕೂರಲಿಲ್ಲ.

ಎಲ್ಲವನ್ನೂ ಹೇಳಿದೆ. ಕೊಳವೆ ಸರಿಯಾಗಿ ಕೂತಿತ್ತು, ಕಿತ್ತವಳು ನಾನು, ತಪ್ಪನ್ನು ಆ ಹುಡುಗನ ತಲೆಗೆ ಕಟ್ಟಿದವಳೂ ನಾನು. ನಿನ್ನ ಕತ್ತಿನ ತೂತು ನನ್ನಿಂದ ಆದದ್ದು ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಒಳ್ಳೆಯ ಮಾತುಗಳು ಒಂದೂ ಬರಲಿಲ್ಲ.

ಬೀರಮ್ಮನ ಕೈ ಮೊರದಲ್ಲೇ ನಿಂತಿತು. ಕುಳ್ಳಮ್ಮ ಸೆರಗಿನೊಳಗೆ ಕೈ ಹಾಕಿ ತೂತಿಗೆ ಬೆರಳು ಒತ್ತಿ ಏನೋ ಹೇಳಿದಳು. ಉದ್ದಕ್ಕೆ ಹೇಳಿದಳು. ತುಟಿ ನೋಡೋಣವೆಂದರೆ ಸೆರಗು ಬಾಯಿಗೆ ಅಡ್ಡ ಬಂದಿತ್ತು. ಹತ್ತಿರ ಹೋಗಿ ಬಗ್ಗಿದೆ. ಅವಳು ಮತ್ತೆ ಹೇಳಿದಳು. ಅವಳಿಗೆ ಅದಕ್ಕಿಂತ ಜೋರಾಗಿ ಮಾತಾಡುವುದಕ್ಕೆ ಆಗದ ಹಾಗೆ ಮಾಡಿದವಳು ನಾನು.

“ನನಗೆ ಕಿವಿ ಕೇಳಿಸೋದಿಲ್ಲ ತಾಯಿ,” ಎಂದೆ. ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಕುಳ್ಳಮ್ಮ ಅತ್ತೆಯ ಕಡೆ ತಿರುಗಿದಳು. ಬೀರಮ್ಮ ಮೊರ ಕೆಳಗಿಟ್ಟು ಎದ್ದು ಬಂದು, ನನ್ನ ಭುಜ ಹಿಡಿದು, ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು.

“ಕೆಮ್ಮಬ್ಯಾಡ, ಕೆಟ್ಟೋಯ್ತದೆ ಅಂದಿದ್ರಂತಲ್ಲವ್ವ ನೀವು? ನಾನ್ ಕೆಮ್ಮಿದ್ಕೇ ಕೆಟ್ಟೋಯ್ತು, ನಂದೇ ತಪ್ಪು ಅಂದ್ಕಂಡಿದ್ದೆ ಅಂತಾವ್ಳೆ! ಮೂರು ತಿಂಗ್ಳಾಯ್ತು ಕಣವ್ವ, ದಿನಾ ಇದ್ನೇ ಏಳ್ಕಂಡು ಅಳ್ತಾಳೆ!”

ಕುಳ್ಳಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳ ಎರಡೂ ಕೈ ಹಿಡಿದುಕೊಂಡೆ. ಇಲ್ಲಮ್ಮಾ, ಕೊಳವೆ ಸರಿಯಾದ ಜಾಗಕ್ಕೆ ಹೋದರೆ ಯಾರಿಗಾದರೂ ಕೆಮ್ಮು ಬರುತ್ತೆ, ಬರಲೇಬೇಕು, ನಾನು ಗದರಿದ್ದು ತಪ್ಪು, ನೀನು ಕೆಮ್ಮಿದ್ದೇ ಸರಿ ಎಂದೆ. ಅವಳ ಮುಖ ಬದಲಾಗಲಿಲ್ಲ. ಅದಕ್ಕೆ ಇನ್ನೊಮ್ಮೆ ಹೇಳಿದೆ. ಎಷ್ಟು ಗಟ್ಟಿಯಾಗಿ ಹೇಳಿದೆನೋ ನನಗೆ ಗೊತ್ತಾಗಲಿಲ್ಲ. ಬೀದಿಯ ಆಚೆ ಎಮ್ಮೆ ಕಟ್ಟುತ್ತಿದ್ದವನು ಹಗ್ಗ ಹಿಡಿದುಕೊಂಡೇ ತಿರುಗಿ ನೋಡಿದ.